ಅಮ್ಮನ ರಜೆಗೊಂದು ಅರ್ಜಿ

‘ಅಲ್ಲಿ ಒಲೆ ಇರ್ತದೇನೆ? ಇಲ್ದಿದ್ರೆ ಸಣ್ಣ ಸ್ಟೋವ್ ತಗಂಡ್ ಬರ್ಲಾ?’

ಅಂಡಮಾನ್‌ಗೆ ಹೋಗೋಣ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ವಿಮಾನದ ಬಗ್ಗೆ ಕೇಳಲಿಲ್ಲ, ಸಮುದ್ರದ ಬಗ್ಗೆಯೂ ಕೇಳಲಿಲ್ಲ. ಆರು ದಿನ ಐದು ಜನಕ್ಕೆ ಅಡುಗೆ ಎಲ್ಲಿ ಮಾಡುವುದು ಎಂಬುದೇ ಅವಳ ಚಿಂತೆ. ನಾನು ಜೋರಾಗಿ ನಕ್ಕೆ. ಫೋನ್ ಇಟ್ಟ ಮೇಲೆ ಆ ನಗು ಉಳಿಯಲಿಲ್ಲ.

ನಾನು ಚೆನ್ನೈಗೆ ಬಂದು ಹನ್ನೊಂದು ವರ್ಷವಾಯಿತು. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹೊರಗಿರುವ ನಮ್ಮಂಥವರಿಗೆ ರಜೆ ಎಂದರೆ ಊರು, ಬೇರೆ ಅರ್ಥವೇ ಇಲ್ಲ. ದೀಪಾವಳಿಗೆ ಒಂದು ವಾರ, ಬೇಸಿಗೆಯಲ್ಲಿ ಒಂದು ವಾರ. ಬೇಸಿಗೆಯ ವಾರದಲ್ಲಿ ಅರ್ಧ ಧಾರವಾಡದ ಅತ್ತೆಮನೆಗೆ, ಅರ್ಧ ತೀರ್ಥಹಳ್ಳಿ ಕಡೆಯ ತವರಿಗೆ. ರಜೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಆ ವಾರ ತವರಿನಲ್ಲಿ ಏನಾಗುತ್ತದೆ ಎಂದು ಆ ರಾತ್ರಿ ಮೊದಲ ಬಾರಿಗೆ ಲೆಕ್ಕ ಹಾಕಿದೆ. ನಾವು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಅಮ್ಮ ಎದ್ದು ಎರಡು ಗಂಟೆಯಾಗಿರುತ್ತದೆ. ಅಳಿಯನಿಗೆ ಇಷ್ಟವೆಂದು ಕಡುಬು, ಮೊಮ್ಮಗಳಿಗೆ ಬೇರೆ ತಿಂಡಿ. ನಮ್ಮನ್ನು ನೋಡಲು ಬರುವ ನೆಂಟರಿಗೆ ಊಟ, ಕಾಫಿ. ನಾನು ಹತ್ತು ಗಂಟೆಯವರೆಗೆ ಮಲಗುತ್ತೇನೆ. ‘ಪಾಪ, ಅಲ್ಲಿ ನಿದ್ದೆ ಸಾಕಾಗದಿಲ್ಲ’ ಎಂದು ಅವಳೇ ಬಾಗಿಲು ಮುಚ್ಚುತ್ತಾಳೆ. ಹೊರಡುವ ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಕಟ್ಟುವ ಕೆಲಸ. ಅಮ್ಮನಿಗೆ ಈಗ ಅರವತ್ತಾರು, ಎರಡೂ ಮಂಡಿ ನೋವು. ನಾವು ರಜೆಗೆ ಹೋದೆವು ಎಂದರೆ ಅವಳಿಗೆ ಓವರ್‌ಟೈಮ್. ಹನ್ನೊಂದು ವರ್ಷದಲ್ಲಿ ನನಗೆ ಇಪ್ಪತ್ತೆರಡು ರಜೆ ಸಿಕ್ಕಿದೆ. ಅವಳಿಗೆ ಒಂದೂ ಇಲ್ಲ. ಧರ್ಮಸ್ಥಳಕ್ಕೆ ಹೋದದ್ದು ಬಿಟ್ಟರೆ ಮನೆ ಬಿಟ್ಟು ಮೂರು ರಾತ್ರಿ ಇದ್ದವಳಲ್ಲ.

ಅಂಡಮಾನ್ ಮೊದಲು ಮಗಳ ಆಸೆಯಾಗಿತ್ತು. ಶಾಲೆಯ ಪುಸ್ತಕದಲ್ಲಿ ಹವಳದ ಚಿತ್ರ ನೋಡಿ ಹಟ ಹಿಡಿದಿದ್ದಳು. ಒಲೆಯ ಪ್ರಶ್ನೆ ಬಂದ ರಾತ್ರಿ ಅದು ಅಮ್ಮನ ರಜೆಯ ಯೋಜನೆಯಾಯಿತು.

ಅಡಿಕೆಯ ಪಂಚಾಂಗ

ಚೆನ್ನೈನಲ್ಲಿರುವವರಿಗೆ ಅಂಡಮಾನ್ ದೂರವಲ್ಲ. ಹಡಗಿನಲ್ಲಾದರೆ ಸುಮಾರು ಮೂರು ದಿನ, ವಿಮಾನದಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ. ಹವಳದ ದಿಬ್ಬ, ಬಿಳಿ ಮರಳು, ಸಮುದ್ರದ ಅಂಚಿನವರೆಗೂ ಬಂದು ನಿಂತ ಮಳೆಕಾಡು ಮೂರೂ ಒಂದೇ ಕಡೆ ಸಿಗುವ ಊರು ಹ್ಯಾವ್‌ಲಾಕ್. 2018ರ ಡಿಸೆಂಬರ್‌ನಿಂದ ಅದರ ಹೆಸರು ಸ್ವರಾಜ್ ದ್ವೀಪ. ಪೋರ್ಟ್ ಬ್ಲೇರ್ ಕೂಡ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ. ಆದರೆ ದೋಣಿಯವರೂ ಆಟೋದವರೂ ಹಳೆಯ ಹೆಸರನ್ನೇ ಹೇಳುತ್ತಾರೆ. ಹುಡುಕುವಾಗ ಎರಡೂ ಗೊತ್ತಿದ್ದರೆ ಒಳ್ಳೆಯದು.

ಯಾವಾಗ ಹೋಗುವುದು ಎಂಬುದೇ ದೊಡ್ಡ ಸಮಸ್ಯೆಯಾಯಿತು. ಅಲ್ಲಿ ವರ್ಷದಲ್ಲಿ ಎರಡು ಮಳೆಗಾಲ. ಮೇ ನಡುವಿನಿಂದ ಮುಂಗಾರು. ಅದು ಮುಗಿಯಿತು ಎನ್ನುವಷ್ಟರಲ್ಲಿ ಹಿಂಗಾರು, ಜೊತೆಗೆ ನವೆಂಬರ್-ಡಿಸೆಂಬರ್‌ನಲ್ಲಿ ಚಂಡಮಾರುತದ ಭಯ. 2016ರ ಡಿಸೆಂಬರ್‌ನಲ್ಲಿ ವಾರ್ದಾ ಚಂಡಮಾರುತ ಹುಟ್ಟುವ ಹೊತ್ತಿಗೆ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ನೌಕಾಪಡೆಯವರು ಬಂದು ಕರೆತಂದರು. ಸಮುದ್ರ ಶಾಂತವಾಗಿ, ನೀರು ತಿಳಿಯಾಗಿರುವುದು ಜನವರಿಯಿಂದ ಏಪ್ರಿಲ್‌ವರೆಗೆ.

ಜನವರಿ ಎಂದೆ. ‘ಕೊನೆ ಕೊಯ್ಲು ಬಿಟ್ಟು ಎಲ್ಲಿ ಬರದು ಮಾರಾಯ್ತಿ?’ ಎಂದರು ಅಪ್ಪಯ್ಯ. ನವೆಂಬರ್‌ನಿಂದ ಫೆಬ್ರುವರಿವರೆಗೆ ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಕೊನೆಗಾರ ಬರುವ ದಿನ ಸಿಕ್ಕಿದರೆ ಅದೇ ಹಬ್ಬ. ಮಾರ್ಚ್ ಎಂದರೆ ನನ್ನ ಕಚೇರಿಯಲ್ಲಿ ವರ್ಷದ ಲೆಕ್ಕ ಮುಗಿಸುವ ತಿಂಗಳು. ಲೆಕ್ಕದ ವಿಭಾಗದವರು ಆಗ ರಜೆ ಕೇಳಿದರೆ ಎಲ್ಲರೂ ವಿಚಿತ್ರವಾಗಿ ನೋಡುತ್ತಾರೆ. ಮಗಳ ಪರೀಕ್ಷೆ ಮುಗಿಯುವುದು ಏಪ್ರಿಲ್ ಎರಡನೇ ವಾರ. ಜೂನ್‌ನಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಯಬೇಕು. ಇಷ್ಟೂ ಗೆರೆ ಎಳೆದು ನೋಡಿದಾಗ ಉಳಿದದ್ದು ಏಪ್ರಿಲ್‌ನ ಮೂರನೇ ವಾರ ಒಂದೇ.

ಅದಕ್ಕೂ ಅಡ್ಡಿ ಇತ್ತು: ಹಸು. ಮಾರ್ಚ್‌ನಲ್ಲಿ ಕರು ಹಾಕಿತ್ತು, ಅಮ್ಮನ ಕೈ ಬಿಟ್ಟರೆ ಬೇರೆಯವರಿಗೆ ಹಾಲು ಇಳಿಸುತ್ತಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಅತ್ತಿಗೆ ಹತ್ತು ದಿನ ಮೊದಲೇ ದಿನವೂ ಸಂಜೆ ಬಂದು, ಅಮ್ಮನ ಹಳೆಯ ಸೀರೆ ಸುತ್ತಿಕೊಂಡು ಕೂತು, ಹಸುವಿಗೆ ಅಭ್ಯಾಸ ಮಾಡಿಸಿದರು. ಈ ಪ್ರವಾಸದ ಸಿದ್ಧತೆಯಲ್ಲಿ ಅತಿ ಕಷ್ಟದ ಭಾಗ ಅದೇ. ಅದನ್ನು ನಾನಾಗಲೀ ಇಂಟರ್‌ನೆಟ್ ಆಗಲೀ ಮಾಡಲಿಲ್ಲ.

ಅಪ್ಪಯ್ಯನನ್ನು ಒಪ್ಪಿಸಿದ್ದು ಮಾತ್ರ ಮುಂಗಾರು. ಪ್ರತಿ ಮೇ ತಿಂಗಳು ನಮ್ಮ ಪತ್ರಿಕೆಗಳಲ್ಲಿ ‘ಅಂಡಮಾನ್‌ಗೆ ಮುಂಗಾರು ಪ್ರವೇಶ’ ಎಂಬ ಸುದ್ದಿ ಬರುತ್ತದಲ್ಲ, ಐವತ್ತು ವರ್ಷದಿಂದ ಅವರು ಅದನ್ನು ಕೇಳಿ ತೋಟದ ಕೆಲಸದ ಅಂದಾಜು ಮಾಡಿದವರು. ‘ಮಳೆ ಮೊದಲು ಬರದು ಅಲ್ಲಿಗೇ ಅಲ್ವಾ? ಆ ಜಾಗ ಒಂದ್ಸಲ ನೋಡದೇಯ’ ಎಂದರು. ಸ್ಪ್ರಿಂಕ್ಲರ್ ತಿರುಗಿಸಲು ಜನ ಸಿಕ್ಕಿದರು.

ಕಳೆಯುವ ಲೆಕ್ಕ

ಏಜೆಂಟರೊಬ್ಬರಿಂದ ಪಟ್ಟಿ ತರಿಸಿದೆ. ಐದು ರಾತ್ರಿ, ಆರು ಹಗಲು, ಹನ್ನೊಂದು ಜಾಗ. ಸೆಲ್ಯುಲಾರ್ ಜೈಲು, ರಾಸ್ ದ್ವೀಪ, ನಾರ್ತ್ ಬೇ, ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆ, ಹ್ಯಾವ್‌ಲಾಕ್, ನೀಲ್... ಓದುವಾಗ ಖುಷಿ. ಬಾರಾಟಾಂಗ್‌ಗೆ ಬೆಳಗಿನ ಜಾವ ಮೂರಕ್ಕೆ ಹೊರಡಬೇಕು. ಆ ರಸ್ತೆ ಜಾರವಾ ಬುಡಕಟ್ಟಿನವರ ಮೀಸಲು ಕಾಡಿನ ಮೂಲಕ ಹೋಗುತ್ತದೆ. ವಾಹನಗಳನ್ನು ಸಾಲಾಗಿ ಬೆಂಗಾವಲಿನಲ್ಲಿ ಬಿಡುತ್ತಾರೆ, ಫೋಟೊ ತೆಗೆಯುವುದು ಅಪರಾಧ. ಬೇರೆಯವರ ಮನೆಯಂಗಳದಲ್ಲಿ ಹಾದುಹೋಗುವ ಆ ಪ್ರವಾಸ ನಮಗೆ ಬೇಡ ಎನಿಸಿತು. ಅಮ್ಮನ ಮಂಡಿಯೂ ಬೇಡ ಎನ್ನುತ್ತಿತ್ತು. ಮೊದಲು ಅದನ್ನು ಕಳೆದೆ. ನಂತರ ನೀಲ್, ನಂತರ ನಾರ್ತ್ ಬೇ.

ಕಳೆಯುತ್ತ ಹೋದಂತೆ ಉಳಿದದ್ದು ಇಷ್ಟು: ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ, ಹ್ಯಾವ್‌ಲಾಕ್‌ನಲ್ಲಿ ಮೂರು, ವಾಪಸ್ ಹೊರಡುವ ಮುಂಚಿನ ರಾತ್ರಿ ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ. ಆ ಕೊನೆಯ ರಾತ್ರಿ ‘ವೇಸ್ಟ್’ ಎಂದರು ಏಜೆಂಟರು. ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ, ವಿಮಾನ ನಮಗಾಗಿ ಕಾಯುವುದಿಲ್ಲ ಎಂದು ನಾನು ಬಿಡಲಿಲ್ಲ. ಪಟ್ಟಿಯನ್ನು ಅವರಿಗೇ ಮರಳಿಸಿ ಟಿಕೆಟ್, ಕೋಣೆ ಎಲ್ಲ ನಾವೇ ಮಾಡಿದೆವು. ಕೋಣೆ ಕಾಯ್ದಿರಿಸುವಾಗ ಕೇಳಿದ್ದು ಮೂರೇ ಪ್ರಶ್ನೆ: ಮೆಟ್ಟಿಲು ಹತ್ತಬೇಕೇ? ವೆಸ್ಟರ್ನ್ ಕಮೋಡ್ ಇದೆಯೇ? ಬೆಳಿಗ್ಗೆ ಬೇಗ ಚಹಾ ಸಿಗುತ್ತದೆಯೇ?

ಹಿರಿಯರನ್ನು ಕರೆದೊಯ್ಯುವವರಿಗೆ ಇನ್ನೂ ಕೆಲವು ಮಾತು. ಅಮ್ಮನ ಆಧಾರ್‌ನಲ್ಲಿ ಒಂದು ಹೆಸರು, ಮತದಾರರ ಚೀಟಿಯಲ್ಲಿ ಇನ್ನೊಂದು. ಟಿಕೆಟ್‌ನಲ್ಲಿ ನಾನು ಬಾಯಿ ರೂಢಿಯ ಮೂರನೆಯದನ್ನು ಬರೆದಿದ್ದೆ! ದೋಣಿಯ ಟಿಕೆಟ್‌ಗೂ ಗುರುತಿನ ಚೀಟಿ ಬೇಕು, ಆದ್ದರಿಂದ ಹೆಸರು ಮೊದಲೇ ಸರಿಪಡಿಸಿಕೊಳ್ಳಿ. ಭಾರತೀಯರಿಗೆ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್‌ಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಹ್ಯಾವ್‌ಲಾಕ್‌ನಲ್ಲಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ದೊಡ್ಡ ಆಸ್ಪತ್ರೆ ಪೋರ್ಟ್ ಬ್ಲೇರ್‌ನಲ್ಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ಬೇರೆ ಚೀಲಗಳಲ್ಲಿ, ನಾಲ್ಕು ದಿನಕ್ಕೆ ಹೆಚ್ಚಾಗುವಷ್ಟು ಇಟ್ಟುಕೊಳ್ಳಿ. ಚೆನ್ನೈನಿಂದ ಸಮುದ್ರದಡಿ ಎಳೆದ ಕೇಬಲ್ 2020ರಲ್ಲಿ ಶುರುವಾದ ಮೇಲೆ ಅಲ್ಲಿ ಇಂಟರ್‌ನೆಟ್ ಬಹಳ ಸುಧಾರಿಸಿದೆ. ಆದರೂ ಕೈಯಲ್ಲಿ ನಗದು ಇರಲಿ.

ಇನ್ನೊಂದು, ಸಮಯ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ನಮ್ಮವನಲ್ಲ. ಅಂಡಮಾನ್ ಅಷ್ಟು ಪೂರ್ವಕ್ಕಿರುವುದರಿಂದ ಏಪ್ರಿಲ್‌ನಲ್ಲಿ ಬೆಳಿಗ್ಗೆ ಐದೂಕಾಲಿಗೆಲ್ಲ ಬಿಸಿಲು, ಸಂಜೆ ಆರಕ್ಕೆ ಕತ್ತಲು. ಹತ್ತು ಗಂಟೆಗೆ ಏಳುವವರಿಗೆ ಅರ್ಧ ದಿನ ನಷ್ಟ. ಇದನ್ನು ಕೇಳಿ ಅಮ್ಮ ಒಬ್ಬಳೇ ಖುಷಿಪಟ್ಟಳು.

ನೆಂಟರ ಮರಗಳು

ಅಪ್ಪಯ್ಯ, ಅಮ್ಮ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಚೆನ್ನೈಗೆ ಬಂದರು. ಅಮ್ಮನ ಚೀಲದಲ್ಲಿ ಸ್ಟೋವ್ ಇರಲಿಲ್ಲ. ಅವಲಕ್ಕಿ, ಚಟ್ನಿಪುಡಿ, ರವೆ ಉಂಡೆ ಇತ್ತು. ಸುಮ್ಮನಿದ್ದೆ.

ಮೊದಲ ದಿನ ಜೈಲು ನೋಡಿ, ಮರುದಿನ ಬೆಳಿಗ್ಗೆ ದೋಣಿ ಹತ್ತಿದೆವು. ಖಾಸಗಿ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ, ಸರ್ಕಾರಿ ದೋಣಿಯಲ್ಲಿ ಇನ್ನೂ ಹೆಚ್ಚು. ವಾಂತಿಯ ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮೊದಲೇ ಕೊಟ್ಟಿದ್ದರಿಂದ ಪಾರಾದೆವು.

ಹ್ಯಾವ್‌ಲಾಕ್ ಹೊರಗಿನಿಂದ ಬಂದವರೇ ಕಟ್ಟಿದ ಊರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು 1950ರ ದಶಕದಲ್ಲಿ ಸರ್ಕಾರ ಇಲ್ಲಿ ನೆಲೆಗೊಳಿಸಿತು. ಪೋರ್ಟ್ ಬ್ಲೇರ್‌ನಲ್ಲಂತೂ ತಮಿಳರೂ ಬೇಕಾದಷ್ಟಿದ್ದಾರೆ. ನನ್ನ ಅಂಬತ್ತೂರು ತಮಿಳು ಅಂಗಡಿಗಳಲ್ಲಿ ಕೆಲಸಕ್ಕೆ ಬಂತು. ಆದರೆ ಅಪ್ಪಯ್ಯ ಆಟೋ ನಿಲ್ಲಿಸಲು ಹೇಳಿದ್ದು ಬೇರೆ ಕಾರಣಕ್ಕೆ. ರಸ್ತೆಯ ಪಕ್ಕ ಅಡಿಕೆ ತೋಟ! ತೆಂಗು, ಅಡಿಕೆ ಅಲ್ಲಿಯವರ ಮುಖ್ಯ ಬೆಳೆ. ತೋಟದ ಮಾಲೀಕರಿಗೆ ಬಂಗಾಳಿ ಮತ್ತು ಹಿಂದಿ, ಅಪ್ಪಯ್ಯನಿಗೆ ಕನ್ನಡ. ಅರ್ಧ ಗಂಟೆ ಮಾತಾಡಿದರು. ಏನು ಅರ್ಥವಾಯಿತೋ, ಹೊರಟಾಗ ಅವರು ಒಂದು ಗೊನೆ ಎಳನೀರು ಕೊಟ್ಟು ಕಳಿಸಿದರು.

ಎಲಿಫೆಂಟ್ ಬೀಚಿಗೆ ದೋಣಿಯಲ್ಲೂ ಹೋಗಬಹುದು, ಕಾಡಿನೊಳಗೆ ನಡೆದೂ ಹೋಗಬಹುದು. ಅಪ್ಪಯ್ಯ, ನನ್ನ ಪತಿ ನಡೆದರು. ಪಡೌಕ್ ಎಂಬ ಅಲ್ಲಿಯ ಹೆಸರಾಂತ ಮರ ನಮ್ಮ ಹೊನ್ನೆಯ ದಾಯಾದಿ; ಆಕಾಶಕ್ಕೆ ಹೋದ ಗರ್ಜನ್ ಮರ ನಮ್ಮ ಘಟ್ಟದ ಧೂಪದ ಬಳಗ. ಬುಡದಲ್ಲಿ ಗೋಡೆಯಂತೆ ಚಾಚಿದ ಬೇರು ನೋಡಿ ಅಪ್ಪಯ್ಯ ‘ಇದು ಆಗುಂಬೆಯೇ, ಸಮುದ್ರ ಮಾತ್ರ ಹತ್ರ ಬಂದಿದೆ’ ಎಂದರಂತೆ. ಈ ಕಾಡಿನ ಮರ ಕಡಿದು ಸಾಗಿಸಲು ತಂದ ಆನೆಗಳಿಂದಲೇ ಆ ತೀರಕ್ಕೆ ಆ ಹೆಸರು. ಸಮುದ್ರದಲ್ಲಿ ಈಜುತ್ತಿದ್ದ ರಾಜನ್ ಎಂಬ ಆನೆ 2016ರವರೆಗೂ ಹ್ಯಾವ್‌ಲಾಕ್‌ನಲ್ಲಿತ್ತು. ‘ಸಕ್ರೆಬೈಲಿನ ಆನೆ ತುಂಗೆಯಲ್ಲಿ ಈಜದು ನೋಡಿದೀನಿ, ಉಪ್ಪುನೀರಲ್ಲಿ ಹೆಂಗೆ ಈಜ್ತೋ!’ ಎಂದು ಇಡೀ ದಿನ ಅದೇ ಮಾತು.

ಗಾಜಿನ ಕೆಳಗೆ

ಅಮ್ಮ, ನಾನು, ಮಗಳು ಗಾಜಿನ ತಳದ ದೋಣಿಯಲ್ಲಿ ಕೂತೆವು. ಈಜು ಬಾರದವರಿಗೆ, ಮಂಡಿ ನೋವಿನವರಿಗೆ ಅದೇ ಸರಿ. ಮಗಳಿಗೆ ಒಂಬತ್ತು ವರ್ಷ. ಸ್ಕೂಬಾಗೆ ಕನಿಷ್ಠ ಹತ್ತು ಆಗಿರಬೇಕು, ಹಾಗಾಗಿ ಅವಳು ಆಮೇಲೆ ಮುಖವಾಡ ಹಾಕಿಕೊಂಡು ನೀರಿನ ಮೇಲೆ ತೇಲಿದಳು. ಪತಿ ಡೈವ್ ಮಾಡಿದ್ದು ಎರಡನೇ ದಿನವೇ. ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ ಹನ್ನೆರಡರಿಂದ ಹದಿನೆಂಟು ಗಂಟೆ ಬಿಡಬೇಕು, ಇಡೀ ದಿನ ಬಿಟ್ಟರೆ ಇನ್ನೂ ಕ್ಷೇಮ. ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಗಾಜಿನ ಕೆಳಗೆ ಹವಳ ಬಂತು. ಕವಲೊಡೆದದ್ದು, ಮಿದುಳಿನ ಹಾಗೆ ಸುಕ್ಕಾದದ್ದು, ತಟ್ಟೆಯಂತೆ ಹರಡಿದ್ದು. ಅಮ್ಮ ಬಗ್ಗಿ ನೋಡಿ, ‘ಮಳೆಗಾಲದಲ್ಲಿ ನಮ್ಮನೆ ಧರೆ ಇದ್ದಂಗೆ ಉಂಟಲ್ಲೇ’ ಎಂದಳು. ಪಾಚಿ, ಅಣಬೆ, ಜರಿಗಿಡ ಮುಚ್ಚಿದ ಮಣ್ಣಿನ ಧರೆ. ಹವಳ ನೋಡಲು ಆರು ಲೇಖನ ಓದಿ ಹೋಗಿದ್ದ ನನಗೆ ಅಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಅಲ್ಲಲ್ಲಿ ಬಿಳಿ ತೇಪೆ ಇತ್ತು. ಯಾಕೆ ಎಂದು ಮಗಳು ಕೇಳಿದಾಗ ದೋಣಿಯವನು ನೀರಿನಲ್ಲಿ ಕೈಯಿಟ್ಟು ‘ಗರಂ’ ಎಂದ. ಹವಳ ಗಿಡವಲ್ಲ, ಪುಟ್ಟ ಪ್ರಾಣಿಗಳ ಕೂಟ. ಅದರೊಳಗೆ ವಾಸಿಸುವ ಪಾಚಿಯೇ ಬಣ್ಣ ಕೊಡುತ್ತದೆ, ಆಹಾರವನ್ನೂ ಕೊಡುತ್ತದೆ. ನೀರಿನ ಬಿಸಿ ಎಂದಿನ ಬೇಸಿಗೆಗಿಂತ ಒಂದು ಡಿಗ್ರಿಯಷ್ಟು ಏರಿ ವಾರಗಟ್ಟಲೆ ಹಾಗೇ ಇದ್ದರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬಿಳುಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಸಾಯುತ್ತದೆ. ಅಂಡಮಾನ್‌ನಲ್ಲಿ 2010ರ ಬೇಸಿಗೆಯಲ್ಲಿ ಹೀಗೆ ಬಹಳಷ್ಟು ಹವಳ ಬಿಳುಚಿತ್ತು. ನಾವು ಆರಿಸಿಕೊಂಡ ಏಪ್ರಿಲ್ ಅದಕ್ಕೆ ಕಷ್ಟದ ಕಾಲ. ಹವಳವೇ ಮುಖ್ಯ ಎನ್ನುವವರು, ಮನೆಯಲ್ಲಿ ಅಡಿಕೆ ಇಲ್ಲದವರು, ಫೆಬ್ರುವರಿಯಲ್ಲಿ ಹೋಗಿ. ಯಾವಾಗ ಹೋದರೂ ಅದರ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ. ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗಿಳಿಯುವ ಬದಲು ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಅಮ್ಮನಿಗೆ ಹೋದಲ್ಲೆಲ್ಲ ಒಂದು ಕಡ್ಡಿ ಮುರಿದು ತರುವ ಅಭ್ಯಾಸ. ದಡದಲ್ಲಿ ಸತ್ತ ಹವಳದ ತುಂಡೊಂದನ್ನು ತುಳಸಿಕಟ್ಟೆಗೆಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೂ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುತ್ತಾರೆ ಎಂದೆ. ‘ಪೊಲೀಸ್ರು ಹಿಡಿತಾರಾ?’ ಎಂದು ಕೇಳಿ, ಎಲ್ಲಿಂದ ತೆಗೆದಿದ್ದಳೋ ಅಲ್ಲೇ ಹೋಗಿ ಇಟ್ಟು ಬಂದಳು.

ಸಿಕ್ಕಿದ ಒಂದು ದಿನ

ವಾಪಸ್ ಹೊರಡಬೇಕಾದ ಬೆಳಿಗ್ಗೆ ಗಾಳಿ ಎದ್ದಿತು. ಗುಡುಗು, ಮಳೆ. ಆ ದಿನದ ದೋಣಿಗಳು ರದ್ದು. ಜೆಟ್ಟಿಯಲ್ಲಿ ಅದೇ ಮಧ್ಯಾಹ್ನ ವಿಮಾನವಿದ್ದ ಕುಟುಂಬಗಳು ಫೋನ್ ಹಿಡಿದು ಓಡಾಡುತ್ತಿದ್ದವು. ನಮ್ಮ ವಿಮಾನ ಮರುದಿನ. ಏಜೆಂಟರು ‘ವೇಸ್ಟ್’ ಎಂದಿದ್ದ ರಾತ್ರಿಯೇ ನಮ್ಮನ್ನು ಉಳಿಸಿತು. ರಾಸ್ ದ್ವೀಪ ತಪ್ಪಿತು, ಅಷ್ಟೆ.

ಮಧ್ಯಾಹ್ನದ ಹೊತ್ತಿಗೆ ಆಕಾಶ ತಿಳಿಯಾಯಿತು. ನೋಡಬೇಕಾದದ್ದು ಏನೂ ಉಳಿದಿರಲಿಲ್ಲ. ರಾಧಾನಗರದ ಕಡಲತೀರಕ್ಕೆ ಎರಡನೇ ಸಲ ಹೋದೆವು. ಜೀವರಕ್ಷಕರು ಇರುವಲ್ಲಿ, ಅವರು ಗುರುತು ಮಾಡಿದ ಜಾಗದಲ್ಲೇ ಮಗಳು ಆಡಿದಳು. 2010ರಲ್ಲಿ ಇದೇ ದ್ವೀಪದಲ್ಲಿ ಈಜುತ್ತಿದ್ದ ಪ್ರವಾಸಿಯೊಬ್ಬರನ್ನು ಮೊಸಳೆ ಕೊಂದಿತ್ತು ಎಂಬುದನ್ನು ಮರೆಯುವಂತಿಲ್ಲ. ಮರಳಿನ ಹಿಂದೆಯೇ ದೊಡ್ಡ ಮರಗಳ ಸಾಲು. ಅಮ್ಮ ಒಂದು ಮರದ ಬುಡದಲ್ಲಿ ಕಾಲು ನೀಡಿ ಕೂತಳು.

ಮೊದಲ ಎರಡು ದಿನ ಅವಳಿಗೆ ಸುಮ್ಮನೆ ಕೂರಲು ಆಗಿರಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೋಣೆಯ ಹಾಸಿಗೆ ಮಡಿಸಿದ್ದಳು, ಹೋಟೆಲಿನ ಅಂಗಳ ಗುಡಿಸುವ ಹುಡುಗಿಯ ಕೈಯಿಂದ ಪೊರಕೆ ಇಸಿದುಕೊಂಡಿದ್ದಳು. ಊಟದಲ್ಲಿ ಸಾಸಿವೆ ಅರೆದು ಹಾಕಿದ ಬಂಗಾಳಿ ಮೀನು ಬಂದಾಗ ಅಡುಗೆಮನೆಗೇ ಹೋಗಿ ಹೇಗೆಂದು ನೋಡಿ ಬಂದಿದ್ದಳು. ಆ ಐದನೇ ದಿನ ಮಾತ್ರ ಏನೂ ಮಾಡಲಿಲ್ಲ. ಸೂರ್ಯ ಮುಳುಗುವವರೆಗೆ ಹಾಗೇ ಕೂತಿದ್ದಳು. ಚಹಾ ತಂದುಕೊಟ್ಟೆ. ಲೋಟ ತೆಗೆದುಕೊಂಡು, ‘ಯಾರೋ ಮಾಡಿದ್ದು ಕುಡಿಯದು ಚೆನಾಗ್ ಇರ್ತದೆ, ಅಲಾ?’ ಎಂದಳು. ಬಯ್ದದ್ದಲ್ಲ. ಆದರೂ ನನಗೆ ಹನ್ನೊಂದು ವರ್ಷ ನೆನಪಾಯಿತು.

ಮರುದಿನ ಮೊದಲ ದೋಣಿಯಲ್ಲಿ ಹೊರಟು ಓಡೋಡಿ ವಿಮಾನ ಹಿಡಿದೆವು. ಅವಲಕ್ಕಿ, ರವೆ ಉಂಡೆ ಖರ್ಚಾದದ್ದು ಜೆಟ್ಟಿಯಲ್ಲಿ ಕಾಯುವಾಗ. ನಮಗೆ ಮಾತ್ರವಲ್ಲ, ಅಲ್ಲಿದ್ದ ಇನ್ನೆರಡು ಕುಟುಂಬಕ್ಕೂ.

ಎಲ್ಲರೂ ಅಂಡಮಾನ್‌ಗೇ ಹೋಗಬೇಕೆಂದಿಲ್ಲ. ಪ್ರತಿ ವರ್ಷ ಹೋಗಲು ನಮಗೂ ಆಗುವುದಿಲ್ಲ. ಐದು ಜನರ ವಿಮಾನದ ಟಿಕೆಟ್‌ಗೆ ಎರಡು ವರ್ಷ ಕೂಡಿಟ್ಟಿದ್ದೆವು. ಆದರೆ ಈ ಸಲ ರಜೆಯ ಅರ್ಜಿ ಬರೆಯುವಾಗ ಊರಿನ ಮನೆಯಲ್ಲಿ ಯಾರ ರಜೆ ಬಾಕಿ ಇದೆ ಎಂದು ಒಮ್ಮೆ ನೋಡಿ.

ದೀಪಾವಳಿಗೆ ಊರಿಗೆ ಹೋದಾಗ ಬೆಳಿಗ್ಗೆ ಐದಕ್ಕೆ ನಾನೇ ಎದ್ದು ಅಡುಗೆಮನೆಗೆ ಹೋದೆ. ಪತಿ ಕಾಯಿ ತುರಿದರು. ಅಮ್ಮ ಜಗಲಿಯಲ್ಲಿ ಕೂತಿದ್ದಳು. ಹತ್ತು ನಿಮಿಷ ಸದ್ದಿಲ್ಲ. ಆಮೇಲೆ ಅಲ್ಲಿಂದಲೇ ಕೇಳಿಸಿತು: ‘ಕಡುಬಿಗೆ ಉಪ್ಪು ಹಾಕಿದ್ಯನೇ?’

ಹಾಕಿರಲಿಲ್ಲ.